ಬನ್ನಿಯ ಮರ, ಬರ್ಲಿನ್ನಿನ ಕಲ್ಲು

ವಿಜಯದಶಮಿಯ ರಾತ್ರಿ ಪಂಜಿನ ಕವಾಯತು ಮುಗಿದು, ಜನವೆಲ್ಲ ಕರಗಿಹೋದ ಮೇಲೆ, ನಮ್ಮ ಬನ್ನಿಮಂಟಪದ ಬೀದಿಗಳಿಗೆ ಒಂದು ಬಗೆಯ ದಣಿದ ಮೌನ ಬರುತ್ತದೆ. ಈ ಭಾಗದಲ್ಲಿ ಬಹುಕಾಲದಿಂದ ಇರುವ ನನಗೆ ಆ ಮೌನ ಹಬ್ಬದಷ್ಟೇ ಪ್ರಿಯವಾದದ್ದು. ಕಳೆದ ದಸರೆಯಲ್ಲಿ ಆ ಹೊತ್ತಿಗೆ ನಾನು ಮತ್ತೆ ಕೈಗೆತ್ತಿಕೊಂಡ ಪುಸ್ತಕ ನೇಮಿಚಂದ್ರ ಅವರ ‘ಯಾದ್ ವಶೇಮ್’. ಮೇಜಿನ ಮೇಲೆ ನೆರೆಮನೆಯವರು ಕೊಟ್ಟುಹೋದ ಬನ್ನಿಯೆಲೆ. ಕೈಯಲ್ಲಿ ಜರ್ಮನಿಯ ಯೆಹೂದ್ಯ ಹುಡುಗಿಯೊಬ್ಬಳ ಕಥೆ. ಎಲ್ಲಿಯ ಬನ್ನಿ, ಎಲ್ಲಿಯ ಬರ್ಲಿನ್! ಆದರೂ ಪುಟ ತಿರುಗಿಸುತ್ತ ಹೋದಂತೆ ಎರಡಕ್ಕೂ ಏನೋ ನಂಟಿದೆಯೆಂದು ತೋರತೊಡಗಿತು. ಆ ನಂಟನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಬನ್ನಿಯ ಮರವೆಂದೊಡನೆ ನಮಗೆ ನೆನಪಾಗುವುದು ಪಾಂಡವರು ಅಲ್ಲಿ ಬಚ್ಚಿಟ್ಟ ಆಯುಧಗಳು. ಅವರು ಬಚ್ಚಿಟ್ಟದ್ದು ಆಯುಧಗಳನ್ನು ಮಾತ್ರವೇ? ವಿರಾಟನಗರಕ್ಕೆ ಕಾಲಿಡುವ ಮುನ್ನ ತಮ್ಮ ಹೆಸರುಗಳನ್ನೂ ಊರ ಹೊರಗೆ ಬಿಟ್ಟುಬಂದರು. ಧರ್ಮರಾಯ ಕಂಕನಾದ, ಭೀಮ ವಲಲನಾದ, ದ್ರೌಪದಿ ಸೈರಂಧ್ರಿಯಾದಳು. ವರ್ಷ ತುಂಬಿದ ಮೇಲೆ ಮರ ಆಯುಧಗಳನ್ನು ಹಿಂದಕ್ಕೆ ಕೊಟ್ಟಿತು. ಹೆಸರುಗಳೂ ಹಿಂದಕ್ಕೆ ಬಂದವು. ಒಂದು ವೇಳೆ ಅಜ್ಞಾತವಾಸ ಮುಗಿಯದೇ ಹೋಗಿದ್ದರೆ? ಹಿಂದಿರುಗಿ ಬರುವ ಹೊತ್ತಿಗೆ ಆ ಮರವೇ ಇಲ್ಲವಾಗಿದ್ದರೆ?

‘ಯಾದ್ ವಶೇಮ್’ 2007ರಲ್ಲಿ ಪ್ರಕಟವಾದ ಕಾದಂಬರಿ. ಎಚ್.ಎ.ಎಲ್. ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ ನೇಮಿಚಂದ್ರ ಅವರು ಕನ್ನಡಿಗರಿಗೆ ಕಥೆಗಾರ್ತಿಯಾಗಿ, ವಿಜ್ಞಾನ ಲೇಖಕಿಯಾಗಿ, ಪ್ರವಾಸಿಯಾಗಿ ಪರಿಚಿತರು. ಹಿಟ್ಲರನ ಕಾಲದಲ್ಲಿ ತಂದೆಯೊಡನೆ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಹ್ಯಾನಾ ಎಂಬ ಹುಡುಗಿ ಅದರ ನಾಯಕಿ. ಉಳಿದವರು ಅಲ್ಲಿಯೇ ಉಳಿದರು. ಹ್ಯಾನಾ ಇಲ್ಲಿ ಬೆಳೆದು ಅನಿತಾ ಆಗುತ್ತಾಳೆ, ಸಂಸಾರಸ್ಥೆಯಾಗುತ್ತಾಳೆ. ಬಹಳ ವರ್ಷಗಳ ಮೇಲೆ, ತನ್ನವರು ಏನಾದರೆಂದು ಹುಡುಕಿಕೊಂಡು ಯೂರೋಪಿಗೂ ಕೊನೆಗೆ ಇಸ್ರೇಲಿಗೂ ಹೋಗುತ್ತಾಳೆ. ಕಾದಂಬರಿಯ ಹೆಸರು ಬೈಬಲ್ಲಿನ ಯೆಶಾಯನ ಗ್ರಂಥದ ಮಾತು. ಸ್ಮಾರಕ ಮತ್ತು ಹೆಸರು ಎಂದು ಅದರ ಅರ್ಥ. ಹತರಾದವರ ನೆನಪಿಗಾಗಿ ಜೆರೂಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರೂ ಇದೇ. ಕೊಲೆಯಾದ ಅರವತ್ತು ಲಕ್ಷ ಜನರಲ್ಲಿ 48 ಲಕ್ಷಕ್ಕೂ ಹೆಚ್ಚಿನವರ ಹೆಸರುಗಳನ್ನು ಆ ಸಂಸ್ಥೆ ಕಲೆಹಾಕಿದೆ.

ಪುಸ್ತಕವನ್ನು ಮೊದಲು ಓದಿದಾಗ ಸಾಹಿತ್ಯಾಸಕ್ತರಾದ ನನ್ನ ಮಿತ್ರರೊಬ್ಬರು, “ನಮ್ಮ ದುಃಖವೇ ನಮಗೆ ಬೇಕಾದಷ್ಟಿರುವಾಗ ಯೆಹೂದ್ಯರ ದುಃಖವನ್ನು ಕನ್ನಡಕ್ಕೆ ತರುವುದೇಕೆ?” ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಎರವಲು ತಂದ ದುಃಖದಿಂದ ಒಳ್ಳೆಯ ಕಾದಂಬರಿ ಹುಟ್ಟುವುದು ಅಪರೂಪ. ಆದರೆ ಈ ದುಃಖ ಪೂರ್ತಿಯಾಗಿ ಎರವಲಿನದೇ ಎಂಬುದನ್ನು ವಿಚಾರಿಸಬೇಕು.

ಬೆಂಗಳೂರಿನ ಮಾಗಡಿ ರಸ್ತೆಯ ಬಳಿ ಯೆಹೂದ್ಯರ ಪುಟ್ಟದೊಂದು ರುದ್ರಭೂಮಿ ಇದೆ. 1904ರಲ್ಲಿ ಅದಕ್ಕೆ ಭೂಮಿ ಕೊಟ್ಟವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅದರ ಮುಖ್ಯ ವಾಸ್ತುಶಿಲ್ಪಿಯಾದ ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ ಹುಟ್ಟಿದವರು. ಯೆಹೂದ್ಯ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟವರು. ಅವರನ್ನು ಇಲ್ಲಿಗೆ ಕರೆಸಿಕೊಂಡವರು ದಿವಾನ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ತಾತಾ ಇನ್‌ಸ್ಟಿಟ್ಯೂಟಿನ ಊಟದ ಮನೆ, ಸಭಾಭವನ, ಲೋಹಶಾಸ್ತ್ರ ವಿಭಾಗದ ಕಟ್ಟಡ ಅವರ ಕೈಯಲ್ಲಿ ಮೂಡಿದವು. ಬರ್ಲಿನ್ ಹೊರಹಾಕಿದ ವಿದ್ಯೆಯಿಂದ ನಮ್ಮ ಮಕ್ಕಳಿಗೆ ನೆರಳಾಯಿತು.

ಇಷ್ಟನ್ನು ಮಾತ್ರ ಹೇಳಿ ಬೆನ್ನು ತಟ್ಟಿಕೊಂಡರೆ ಅದು ಅರ್ಧಸತ್ಯವಾದೀತು. ಕೋನಿಗ್ಸ್‌ಬರ್ಗರರ ಸೋದರಮಾವ ಮ್ಯಾಕ್ಸ್ ಬಾರ್ನ್ ಜಗದ್ವಿಖ್ಯಾತ ಭೌತಶಾಸ್ತ್ರಜ್ಞರು. ಅವರೂ 1933ರಲ್ಲಿ ಗಾಟಿಂಗನ್ನಿನಿಂದ ಹೊರದೂಡಲ್ಪಟ್ಟರು. ಸರ್ ಸಿ. ವಿ. ರಾಮನ್ನರ ಆಹ್ವಾನದಂತೆ 1935-36ರ ಚಳಿಗಾಲವನ್ನು ತಾತಾ ಇನ್‌ಸ್ಟಿಟ್ಯೂಟಿನಲ್ಲಿ ಕಳೆದರು. ಅವರನ್ನು ಇಲ್ಲಿಯೇ ಕಾಯಂ ಆಗಿ ನಿಲ್ಲಿಸಿಕೊಳ್ಳಬೇಕೆಂದು ರಾಮನ್ ಪಟ್ಟು ಹಿಡಿದಾಗ, ಅಲ್ಲಿದ್ದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ತುಂಬಿದ ಸಭೆಯಲ್ಲಿ, ಬಾರ್ನ್ ಅವರ ಎದುರಿಗೇ, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡವೆಂಬ ಅರ್ಥದ ಮಾತಾಡಿದರು. ಆ ದಿನ ಮನೆಗೆ ಬಂದು ಅತ್ತದ್ದನ್ನು ಬಾರ್ನ್ ತಾವೇ ಬರೆದಿಟ್ಟಿದ್ದಾರೆ. ಹುದ್ದೆ ಕೈಗೂಡಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದ್ದರಿಂದ ಬಾಗಿಲು ತೆರೆದ ಊರು ನಮ್ಮದು. ಅದನ್ನು ಮುಚ್ಚಿದ ಊರೂ ನಮ್ಮದೇ. ಹ್ಯಾನಾಳ ಕಥೆ ಬೆಂಗಳೂರಿನಲ್ಲಿ ನಡೆಯುವುದು ಲೇಖಕಿಯ ಬರಿಯ ಕಲ್ಪನೆಯ ಅನುಕೂಲಕ್ಕಾಗಿ ಅಲ್ಲವೆಂದು ನನ್ನ ಮಿತ್ರರಿಗೆ ನಾನು ಈಗ ಹೇಳಬಲ್ಲೆ.

ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಗೆಂದು ಬರ್ಲಿನ್ನಿಗೆ ಹೋಗುವ ಅವಕಾಶ ಒದಗಿತು. ಚೀಲದಲ್ಲಿ ಈ ಕಾದಂಬರಿ ಇತ್ತು. 1933ರಲ್ಲಿ ಆ ನಗರದಲ್ಲಿ ಸುಮಾರು 1,60,000 ಯೆಹೂದ್ಯರಿದ್ದರು. ಅವರಲ್ಲಿ ಸುಮಾರು 55,000 ಜನ ಕೊಲೆಯಾದರು. ನಗರದ ನಡುವೆ, 2005ರಲ್ಲಿ ತೆರೆದ ಸ್ಮಾರಕದಲ್ಲಿ, 2,711 ಕಾಂಕ್ರೀಟು ಕಂಬಗಳಿವೆ. ಅವುಗಳ ಮೇಲೆ ಒಂದು ಅಕ್ಷರವಿಲ್ಲ. ಅವುಗಳ ನಡುವೆ ನಡೆದಾಗ ಭಯವಾಯಿತು, ಬೆರಗಾಯಿತು, ಕಣ್ಣು ಒದ್ದೆಯಾಗಲಿಲ್ಲ. ಗ್ರೂನವಾಲ್ಡ್ ರೈಲು ನಿಲ್ದಾಣದ ಹದಿನೇಳನೆಯ ಕಟ್ಟೆಗೂ ಹೋದೆ. 1941ರ ಅಕ್ಟೋಬರ್ 18ರಂದು ಬರ್ಲಿನ್ನಿನ ಯೆಹೂದ್ಯರನ್ನು ತುಂಬಿಕೊಂಡ ಮೊದಲ ರೈಲು ಹೊರಟದ್ದು ಅಲ್ಲಿಂದ. ಹೊರಟ ದಿನ, ಒಯ್ದ ಜನರ ಸಂಖ್ಯೆ, ತಲುಪಿದ ಊರು, ಇಷ್ಟನ್ನು ಮಾತ್ರ ಕಬ್ಬಿಣದ ಅಂಚಿನಲ್ಲಿ ಬರೆದಿದ್ದಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಾಧಾರಣ ವಠಾರದ ಬಾಗಿಲ ಮುಂದೆ, ಕಾಲುದಾರಿಯಲ್ಲಿ ಹುದುಗಿಸಿದ್ದ ಹಿತ್ತಾಳೆಯ ತಗಡಿನ ಕಲ್ಲು. ಅಗಲ ಹತ್ತು ಸೆಂಟಿಮೀಟರು. ಇಲ್ಲಿ ವಾಸವಾಗಿದ್ದರು ಎಂದು ಆರಂಭಿಸಿ ಹೆಸರು, ಹುಟ್ಟಿದ ವರ್ಷ, ಒಯ್ದ ವರ್ಷ, ಕೊಂದ ಜಾಗ: ಅಷ್ಟೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಆರಂಭಿಸಿದ ಈ ಕೆಲಸದಿಂದ ಯೂರೋಪಿನಲ್ಲಿ ಇಂಥ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಾಗಿವೆ. ಅಕ್ಷರ ಸಣ್ಣದು, ಓದಬೇಕಾದರೆ ಬಾಗಬೇಕು. ಬಾಗಿ ಓದಿದೆ. ಅಲ್ಲಿದ್ದ ಮಗುವಿಗೆ ನನ್ನ ಮೊಮ್ಮಗಳ ವಯಸ್ಸು.

ಕಾದಂಬರಿಯ ಬಲವನ್ನೂ ಬಲಹೀನತೆಯನ್ನೂ ನಾನು ಆ ಕಲ್ಲಿನ ಬಳಿ ಕಂಡುಕೊಂಡೆ. ಹ್ಯಾನಾ ಎಂಬ ಒಬ್ಬಳ ಹೆಸರನ್ನು ಹಿಡಿದು ನಡೆಯುವಲ್ಲೆಲ್ಲ ನೇಮಿಚಂದ್ರರ ಬರವಣಿಗೆಗೆ ಜೀವವಿದೆ. ಹೊಸ ಹೆಸರು ಹೊತ್ತವಳ ಒಳಗೆ ಹಳೆಯ ಹೆಸರು ಸಾಯದೆ ಉಳಿಯುವ ಬಗೆಯನ್ನು ಅವರು ಚೆನ್ನಾಗಿ ಬಲ್ಲರು. 1939ರ ಜನವರಿಯಿಂದ ಜರ್ಮನಿಯ ಯೆಹೂದ್ಯ ಗಂಡಸರು ಇಸ್ರೇಲ್ ಎಂದೂ ಹೆಂಗಸರು ಸಾರಾ ಎಂದೂ ತಮ್ಮ ಹೆಸರಿಗೆ ಸೇರಿಸಿಕೊಳ್ಳಬೇಕೆಂದು ಸರ್ಕಾರವೇ ಕಟ್ಟಳೆ ಮಾಡಿತ್ತು. ಅಲ್ಲಿ ಹೆಸರು ಬದಲಾದದ್ದು ಗುರುತು ಹಚ್ಚಿ ಕೊಲ್ಲುವುದಕ್ಕೆ. ಹ್ಯಾನಾ ಅನಿತಾ ಆದದ್ದು ಬದುಕುವುದಕ್ಕೆ. ಈ ಎರಡರ ನಡುವಣ ಅಂತರವೇ ಕಾದಂಬರಿಯ ಹೃದಯವೆಂದು ನನ್ನ ಅಭಿಪ್ರಾಯ.

ಆದರೆ ಲೇಖಕಿ ತಿಳಿದದ್ದನ್ನೆಲ್ಲ ಹೇಳದೆ ಬಿಡಲಾರರು. ಅಂಕಿಅಂಶಗಳೂ ಇತಿಹಾಸದ ವಿವರಗಳೂ ಮುಂದೆ ಬಂದಾಗ ಹ್ಯಾನಾ ಹಿಂದೆ ಸರಿದು ನಿಲ್ಲುತ್ತಾಳೆ. ಮಗಳನ್ನು ಕಾಣಲು ಬಂದವರಿಗೆ ಮನೆಯ ಹಿರಿಯರೇ ಮಾತಾಡಿ ಮುಗಿಸಿದಂತಾಗುತ್ತದೆ. ಕನ್ನಡದ ಓದುಗನಿಗೆ ಈ ಇತಿಹಾಸ ಅಪರಿಚಿತವೆಂಬ ಕಾಳಜಿಯಿಂದ ಹಾಗಾಗಿದೆ, ನಿಜ. ಆದರೂ ಹತ್ತು ಸೆಂಟಿಮೀಟರಿನ ಆ ಕಲ್ಲಿಗಿರುವ ಸಂಯಮ ಈ ಗ್ರಂಥಕ್ಕೆ ಇನ್ನಷ್ಟು ಇದ್ದಿದ್ದರೆ ಅದರ ನೋವು ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಈ ದೋಷವನ್ನು ಮರೆಸುವ ಗುಣ ಕಾದಂಬರಿಯ ಧೈರ್ಯ. ಹುಡುಕಾಟ ಇಸ್ರೇಲನ್ನು ಮುಟ್ಟಿದ ಮೇಲೆ ಅದು ಸುಖಾಂತವಾಗಿ ಮುಗಿದುಬಿಡಬಹುದಾಗಿತ್ತು. ಲೇಖಕಿ ಅಲ್ಲಿಯೂ ಪ್ರಶ್ನೆ ಬಿಡುವುದಿಲ್ಲ. ಮನೆ ಕಳೆದುಕೊಂಡವರ ನೆಲದಲ್ಲಿ ಇನ್ನೊಬ್ಬರು, ಪ್ಯಾಲೆಸ್ತೀನಿನವರು, ಮನೆ ಕಳೆದುಕೊಂಡದ್ದನ್ನೂ ನೋಡುತ್ತಾರೆ. ಒಂದು ದುಃಖದ ಮೇಲಿನ ಪ್ರೀತಿ ಇನ್ನೊಂದು ದುಃಖಕ್ಕೆ ಕಣ್ಣು ಮುಚ್ಚಿಸಬಾರದೆಂಬ ಈ ಎಚ್ಚರಕ್ಕೆ ನಾನು ತಲೆಬಾಗುತ್ತೇನೆ.

ಪಂಜಿನ ಬೆಳಕಿನ ಊರಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ಸಂಗತಿ ಮನಸ್ಸನ್ನು ಬಿಡುವುದಿಲ್ಲ. 1933ರ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದ ರಾತ್ರಿ ಬರ್ಲಿನ್ನಿನಲ್ಲಿಯೂ ಪಂಜಿನ ಮೆರವಣಿಗೆ ನಡೆಯಿತು. ಸಾಲುಸಾಲಾಗಿ ಜನ ನಿಂತು ನೋಡಿದರು. ಅವರಲ್ಲಿ ಹೆಚ್ಚಿನವರು ದುಷ್ಟರಾಗಿರಲಿಲ್ಲ, ನಮ್ಮ ನಿಮ್ಮಂಥ ಗೃಹಸ್ಥರೇ. ಅದೇ ವರ್ಷ ಮೇ 10ರಂದು ವಿಶ್ವವಿದ್ಯಾನಿಲಯದ ಎದುರಿಗೇ ಪುಸ್ತಕಗಳನ್ನು ಸುಟ್ಟರು. ನಮ್ಮ ಮೈದಾನದ ಪಂಜು ಮಕ್ಕಳನ್ನು ನಗಿಸುವ ಪಂಜು. ಅದು ಹಾಗೆಯೇ ಇರಲೆಂದು ನನ್ನ ಹಾರೈಕೆ. ಬೆಂಕಿಗೆ ತನ್ನದೇ ಆದ ಬುದ್ಧಿಯಿಲ್ಲ. ನೆರೆಯವನ ಹೆಸರು ಕೇಳಿ ಮುಖ ತಿರುಗಿಸುವ ದಿನ ನಮ್ಮ ಬೀದಿಗೂ ಬಾರದಂತೆ ಕಾಯುವವರು ನಾವೇ.

ಆ ರಾತ್ರಿ ಪುಸ್ತಕ ಮುಚ್ಚುವಾಗ ಓದು ನಿಲ್ಲಿಸಿದ ಪುಟದಲ್ಲಿ ಬನ್ನಿಯೆಲೆಯನ್ನು ಇಟ್ಟೆ. ಬೆಳಿಗ್ಗೆ ನನ್ನ ಮೊಮ್ಮಗಳು ಅದನ್ನು ಕಂಡು, “ಇದು ಯಾರ ಕಥೆ, ತಾತ?” ಎಂದು ಕೇಳಿದಳು. ಹ್ಯಾನಾ ಎನ್ನಲೇ, ಅನಿತಾ ಎನ್ನಲೇ ಎಂದು ಒಂದು ಕ್ಷಣ ತೋಚಲಿಲ್ಲ. ಎರಡು ಹೆಸರನ್ನೂ ಹೇಳಿದೆ.