ಕುರ್ಚಿಗೂ ಒಂದು ವಿಮರ್ಶೆ

ಕತೆ, ಕವಿತೆ, ನಾಟಕಗಳ ವಿಮರ್ಶೆ ಓದಿ ರೂಢಿಯಾದ ನಮ್ಮ ಸದಸ್ಯ ಬಂಧುಗಳು ಕುರ್ಚಿಯ ವಿಮರ್ಶೆಯೆಂದರೆ ನಗಬಹುದು. ಆದರೆ ದಿನದ ಎಂಟು ತಾಸು ಸರಕಾರದ ಕುರ್ಚಿಯಲ್ಲೇ ಕಳೆಯುವ ನಮಗೆ ಈ ವಿಷಯದಲ್ಲಿ ತುಸು ಅಧಿಕಾರವುಂಟು.

ಅಂಧೇರಿಯ ಮಗ್ಗುಲಿನ ಓಶಿವಾರಾದ ಫರ್ನಿಚರ್ ಅಂಗಡಿಯೊಂದರಲ್ಲಿ ಮೊನ್ನೆ ‘ಹಳೆಯ ಪದ್ಧತಿಯ ಕೈಕೆಲಸ’ವೆಂಬ ಆರಾಮಕುರ್ಚಿಯನ್ನು ತಿರುಗಿಸಿ ನೋಡಿದೆವು. ಮೇಲೆ ಕೆತ್ತನೆ, ಮೆರುಗು. ಅಡಿಯಲ್ಲಿ ಕಬ್ಬಿಣದ ಮೊಳೆ. ಹಳೆಯ ಪದ್ಧತಿ ಅಲಂಕಾರದಲ್ಲಿತ್ತು, ಕಟ್ಟಿನಲ್ಲಿ ಇರಲಿಲ್ಲ.

ಆ ಪದ್ಧತಿಯಾದರೂ ಏನು? ಊರಿನ ಆಚಾರಿಗಳು ಹಲಸು, ಸಾಗುವಾನಿಯ ಹಲಗೆಗಳನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಿದ್ದರು. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೊರೆದು, ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸಿ, ಮರದ ಮೊಳೆಯನ್ನೇ ಹೊಡೆಯುತ್ತಿದ್ದರು. ಇದು ಬರಿಯ ಸಂಪ್ರದಾಯವಲ್ಲ. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಮರದ ಮೊಳೆ ಅದರೊಡನೆ ಹೊಂದಿಕೊಳ್ಳುತ್ತದೆ. ಕಬ್ಬಿಣದ್ದು ಮುಂಬಯಿಯ ಮಳೆಗಾಲದಲ್ಲಿ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಊರಿನಿಂದ ತಂದ ನಮ್ಮ ತಂದೆಯವರ ಆರಾಮಕುರ್ಚಿಯ ಉದ್ದ ಕೈಗಳು ಜಗಲಿಗೆ ಒಪ್ಪುವಂಥವು. ಅಂಧೇರಿಯ ನಮ್ಮ ಕೋಣೆಯಲ್ಲಿ ಬಾಗಿಲಿಗೆ ಅಡ್ಡ. ಅದು ಯಜಮಾನನೊಬ್ಬನೇ ಕಾಲು ಚಾಚಲೆಂದು ಮಾಡಿದ್ದು. ತಂದೆಯವರಿರುವಾಗ ನಮ್ಮ ತಾಯಿ ಅದರಲ್ಲಿ ಕುಳಿತದ್ದನ್ನು ನಾವು ಕಂಡಿಲ್ಲ. ಈ ದೋಷವನ್ನೂ ವಿಮರ್ಶೆ ಹೇಳಬೇಕು.

ಇನ್ನೊಂದು ಮಾತು. 1950ರ ದಶಕದಲ್ಲಿ ಚಂಡೀಗಢದ ಸರಕಾರಿ ಕಚೇರಿಗಳಿಗೆ ಪಿಯೆರ್ ಜಾನ್ನರೆ ರೂಪಿಸಿದ ಸಾಗುವಾನಿ-ಬೆತ್ತದ ಕುರ್ಚಿಗಳು ಮುಂದೆ ಗುಜರಿಯ ಪಾಲಾದವು. ಅವೇ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದ ಮೇಲೆ, 2011ರಲ್ಲಿ ಕೇಂದ್ರ ಗೃಹ ಖಾತೆ ಮಾರಾಟಕ್ಕೆ ತಡೆಯೊಡ್ಡಿತು. ರೂಪಿಸಿದವರ ಹೆಸರು ಲೋಕಪ್ರಸಿದ್ಧ. ಉಳಿ ಹಿಡಿದ ಬಡಗಿಗಳಲ್ಲಿ ಹೆಚ್ಚಿನವರ ಹೆಸರು ಯಾರಿಗೂ ತಿಳಿಯದು.

ನಮ್ಮ ಮನೆಯ ಕುರ್ಚಿ ಮಾಡಿದ ಆಚಾರಿಯ ಹೆಸರೂ ನಮಗೆ ತಿಳಿಯದು. ಕೇಳಬೇಕಾದ ಕಾಲದಲ್ಲಿ ಕೇಳಲಿಲ್ಲ. ಕಳೆದ ತಿಂಗಳು ಹರಿದ ಬೆತ್ತವನ್ನು ಹೊಸದಾಗಿ ಹೆಣೆಸಿದಾಗ, ಹೆಣೆದವರ ಹೆಸರನ್ನು ಕೇಳಿ, ಇಸವಿಯೊಡನೆ ಅಡಿಯಲ್ಲಿ ಬರೆದಿಟ್ಟೆವು. ಕುರ್ಚಿ ಬಾಗಿಲಿಗೆ ಅಡ್ಡವಾಗಿಯೇ ಇದೆ. ಈಗ ಅದರಲ್ಲಿ ಕೂರುವವರು ನಮ್ಮ ತಾಯಿ.

ಓದುಗರೂ ಕುರ್ಚಿ ಕೊಳ್ಳುವ ಮೊದಲು ಅದನ್ನೊಮ್ಮೆ ಬೋರಲು ಹಾಕಿ ನೋಡಲಿ. ಮಾಡಿದವರ ಹೆಸರನ್ನೂ ಕೇಳಲಿ.