ಆಂಟಿವೈರಸ್ ಹಾಕಿಸಿದ್ದೇವೆ ಎಂಬ ನೆಮ್ಮದಿ

2020ರ ಮಾರ್ಚ್‌ನಲ್ಲಿ ನಮ್ಮ ಚಿಕ್ಕಪ್ಪನ ಕಂಪ್ಯೂಟರಿನ ಫೈಲುಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ತೆರೆಯದಂತಾದವು. ಒಂದೊಂದು ಹೆಸರಿನ ಬಾಲಕ್ಕೂ ಅರ್ಥವಿಲ್ಲದ ನಾಲ್ಕಕ್ಷರ ಅಂಟಿಕೊಂಡಿತ್ತು. ಫೋಲ್ಡರು ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರ್ ಕೊಟ್ಟರೆ ಬಿಡಿಸಿಕೊಡುತ್ತೇವೆ, 72 ಗಂಟೆಯೊಳಗೆ ಬಂದರೆ 490. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಹನ್ನೊಂದು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಊರಿನ ಚರಿತ್ರೆ ಅದರೊಳಗಿತ್ತು. ಫೋನಿನಲ್ಲಿ ಅವರು ಆಡಿದ ಮೊದಲ ಮಾತು, "ಆಂಟಿವೈರಸ್ ಹಾಕ್ಸಿದ್ನಲ್ಲಪ್ಪ!"

ಮನೆಯ ಕಂಪ್ಯೂಟರನ್ನು ಕಾಪಾಡಿಕೊಳ್ಳುವುದೆಂದರೆ ಏನೆಂದು ನಾವು ತಿಳಿದಿದ್ದೇವೋ ಅದೆಲ್ಲ ಆ ಒಂದು ಮಾತಿನಲ್ಲಿದೆ. ಸುರಕ್ಷತೆ ಅಂಗಡಿಯಲ್ಲಿ ಸಿಗುವ ವಸ್ತು, ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಹಾಕಿಸಿಕೊಂಡರೆ ಆಯಿತು ಎಂಬ ಈ ಪದ್ಧತಿ ತಪ್ಪು ಎಂದೇ ನನ್ನ ತೀರ್ಮಾನ. ಅದು ಆಂಟಿವೈರಸ್ಸಿನ ತಪ್ಪಲ್ಲ. ಅದನ್ನು ಹಾಕಿಸುವ ಮುಂಚೆ ನಾವು ಏನೇನು ಕಿತ್ತುಹಾಕಿಸಿರುತ್ತೇವೆ ಎಂಬುದನ್ನು ನೋಡಬೇಕು.

ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಡುತ್ತಾರೆ. ಅದು ಬಹಳ ಸಲ ಕಳ್ಳ ಪ್ರತಿ. ಅದನ್ನು ಆಕ್ಟಿವೇಟ್ ಮಾಡುವ ಕ್ರ್ಯಾಕನ್ನು ಕಾವಲಿನ ತಂತ್ರಾಂಶ ಹಿಡಿದುಬಿಡುತ್ತದೆ, ಆದ್ದರಿಂದ ಮೊದಲು ಕಾವಲನ್ನೇ ನಿಲ್ಲಿಸುತ್ತಾರೆ. ಮುಂದೆ ಅಸಲಿಯಲ್ಲ ಎಂಬ ಎಚ್ಚರಿಕೆ ಪರದೆಯ ಮೇಲೆ ಬರಬಾರದೆಂದು ಅಪ್‌ಡೇಟನ್ನೂ ಬಂದ್ ಮಾಡುತ್ತಾರೆ. ಮನೆಯವರಿಗೆಲ್ಲ ಪಾಸ್‌ವರ್ಡ್ ಇಲ್ಲದ ಒಂದೇ ಅಡ್ಮಿನ್ ಖಾತೆ. ಇಷ್ಟೆಲ್ಲ ಆದ ಮೇಲೆ ಆಂಟಿವೈರಸ್ಸಿನ ಡಬ್ಬಿ ಮಾರುತ್ತಾರೆ. ಕೋಟೆಯ ಬಾಗಿಲನ್ನೆಲ್ಲ ತೆಗೆದಿಟ್ಟು ಒಬ್ಬ ಕಾವಲುಗಾರನನ್ನು ನಿಲ್ಲಿಸಿದಂತೆ.

ಚಿಕ್ಕಪ್ಪನ ಮನೆಗೆ ಬಂದದ್ದು ಸ್ಟಾಪ್ ಅಥವಾ ಡಿಜೆವಿಯು ಎಂಬ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ತಂತ್ರಾಂಶ. 2018ರಿಂದ ಹರಡಿದ ಇದು ದೊಡ್ಡ ಕಂಪನಿಗಳ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಕ್ರ್ಯಾಕ್ ಮಾಡಿದ ತಂತ್ರಾಂಶ ಹುಡುಕುವ ಮನೆಬಳಕೆಯವರನ್ನೇ ಹಿಡಿಯಿತು. ನಮ್ಮ ಅಣ್ಣನ ಮಗ ಆ ಕಂಪ್ಯೂಟರಿಗೆ ಫೋಟೊ ತಿದ್ದುವ ತಂತ್ರಾಂಶವೊಂದನ್ನು ಇಳಿಸಿಕೊಂಡಿದ್ದ. ಜೊತೆಗಿದ್ದ ಸೂಚನೆಯಲ್ಲೇ ಆಂಟಿವೈರಸ್ ಆಫ್ ಮಾಡಿ ಎಂದಿತ್ತು, ಅವನು ಮಾಡಿದ್ದ. ಎಮ್ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇದರ 148 ರೂಪಗಳಿಗೆ ಪುಕ್ಕಟೆ ಬಿಡುಗಡೆಯ ಸಾಧನ ಕೊಟ್ಟಿತ್ತು. ನಮ್ಮದು ಅದರಾಚೆಯ ಹೊಸ ರೂಪ, ಬೀಗದ ಕೈ ದುಷ್ಕರ್ಮಿಗಳ ಸರ್ವರಿನಲ್ಲಿತ್ತು. ಕಾವಲುಗಾರನನ್ನು ಮನೆಯವರೇ ಹೊರಗೆ ಕಳಿಸಿದ ಮೇಲೆ ಎಷ್ಟು ದುಬಾರಿಯ ಆಂಟಿವೈರಸ್ ಇದ್ದರೇನು?

ಅಪ್‌ಡೇಟಿನ ಬಗ್ಗೆ ನಮಗಿರುವ ಅಸಡ್ಡೆಗೆ 2017ಕ್ಕಿಂತ ದೊಡ್ಡ ಸಾಕ್ಷಿ ಬೇಡ. ವಿಂಡೋಸಿನ ಒಂದು ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಅದೇ ತೂತಿನಿಂದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಹೊಕ್ಕದ್ದು ಮೇ 12ರಂದು. ಯಾರೂ ಯಾವ ಇಮೇಲನ್ನೂ ತೆರೆಯಬೇಕಿರಲಿಲ್ಲ, ತೇಪೆ ಹಾಕದ ಯಂತ್ರ ಜಾಲದಲ್ಲಿದ್ದರೆ ಸಾಕಿತ್ತು. ನಡುವೆ ಎರಡು ತಿಂಗಳಿತ್ತು. "ಅಪ್‌ಡೇಟ್ ಬಿಟ್ರೆ ಸ್ಲೋ ಆಗತ್ತೆ ಸಾರ್" ಎಂದು ಹೇಳಿಕೊಡುವವರು ಆ ಎರಡು ತಿಂಗಳನ್ನು ನೆನೆಯಬೇಕು. ಇನ್ನು ಆಂಟಿವೈರಸ್ಸೋ, ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬುದು ವಿಂಡೋಸಿನೊಳಗೇ ಬರುತ್ತದೆ. ಅಸಲಿ ವಿಂಡೋಸು, ಬಂದ್ ಮಾಡದ ಅಪ್‌ಡೇಟು, ಆಫ್ ಮಾಡದ ಡಿಫೆಂಡರು ಇದ್ದರೆ ಸಾಮಾನ್ಯ ಮನೆಗೆ ಇನ್ನೊಂದು ಆಂಟಿವೈರಸ್ ಕೊಳ್ಳುವ ಅಗತ್ಯವೇ ನನಗೆ ಕಾಣುವುದಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ತಪ್ಪು ದಾರಿ ತೋರಿಸಿದವರು ಬಲ್ಲವರೇ. ಅಂಕಿ, ಚಿಹ್ನೆ, ದೊಡ್ಡಕ್ಷರ ಬೆರೆಸಿ, ಆಗಾಗ ಬದಲಿಸಿ ಎಂಬ ನಿಯಮ ಹಬ್ಬಿದ್ದು ಅಮೆರಿಕದ ನಿಸ್ಟ್ ಸಂಸ್ಥೆಯ ಬಿಲ್ ಬರ್ 2003ರಲ್ಲಿ ಬರೆದ ಕೈಪಿಡಿಯಿಂದ. 2017ರಲ್ಲಿ ಅವರೇ ಅದಕ್ಕೆ ವಿಷಾದಪಟ್ಟರು, ಸಂಸ್ಥೆಯೂ ಆ ವರ್ಷ ನಿಯಮ ತಿರುಗಿಸಿ ಉದ್ದವೇ ಮುಖ್ಯ ಎಂದಿತು. ಅಜ್ಜಿ, ಹಿತ್ತಲು, ಹುರುಳಿ, ಸೈಕಲ್ಲು ಎಂದು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಜೋಡಿಸಿದರೆ ನೆನಪೂ ಉಳಿಯುತ್ತದೆ, ಊಹಿಸುವುದೂ ಕಷ್ಟ. ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡುವ ಹಿರಿಯರನ್ನು ಯಾರೂ ಗದರಬೇಡಿ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ಮೇಲು. ದೂರದ ಕಳ್ಳನ ಕೈ ಬೀರುವಿನವರೆಗೆ ಬರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಬೇರೆಯದೇ ಒಂದು ಕಟ್ಟುಪಾಡಿದೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಹೊಂದುವ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಅದರಲ್ಲಿ ಮಾಡಿದ ಪುಸ್ತಕದ ಫೈಲು ತೆರೆಯಬೇಕಲ್ಲ ಎಂದು ಎಷ್ಟೋ ಮನೆ, ಡಿಟಿಪಿ ಕೇಂದ್ರಗಳಲ್ಲಿ ಹಳೆಯ ವಿಂಡೋಸನ್ನೇ ಉಳಿಸಿಕೊಂಡಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಬಹುದು, ಅದರಲ್ಲಿ ಕನ್ನಡ ಚೆನ್ನಾಗಿಯೇ ಮೂಡುತ್ತದೆ, ಆದರೆ ಯೂನಿಕೋಡಿನಲ್ಲಿದ್ದರೆ. ಬರಹವನ್ನು ಯೂನಿಕೋಡಿಗೆ ತಿರುಗಿಸಿಡುವುದು ಫಾಂಟಿನ ಅಂದಚಂದದ ಪ್ರಶ್ನೆಯೆಂದು ನಾನೂ ಬಹಳ ದಿನ ತಿಳಿದಿದ್ದೆ. ಅದು ಸುರಕ್ಷತೆಯ ಪ್ರಶ್ನೆ. ಹಳೆಯ ಫಾಂಟು ಹಳೆಯ ಯಂತ್ರವನ್ನು ಹಿಡಿದಿಡುತ್ತದೆ, ಹಳೆಯ ಯಂತ್ರದ ತೂತುಗಳು ತೆರೆದೇ ಇರುತ್ತವೆ.

ಅಡ್ಮಿನ್ ಅಲ್ಲದ ಖಾತೆಯಲ್ಲಿ ದಿನದ ಕೆಲಸ ಮಾಡಿ ಎನ್ನುವುದು ಒಳ್ಳೆಯ ಸಲಹೆ, ಆದರೆ ಅದು ಯಂತ್ರವನ್ನು ಕಾಯುತ್ತದೆಯೇ ಹೊರತು ಬರಹವನ್ನಲ್ಲ. ಚಿಕ್ಕಪ್ಪ ತೆರೆಯಬಲ್ಲ ಫೈಲನ್ನು ಚಿಕ್ಕಪ್ಪನ ಖಾತೆಯಲ್ಲಿ ಓಡುವ ರಾನ್ಸಮ್‌ವೇರೂ ತೆರೆಯಬಲ್ಲದು. ಅದರ ಕೈಗೆ ಸಿಗದೆ ಉಳಿಯುವುದು ಕಂಪ್ಯೂಟರಿನಿಂದ ಬಿಡಿಸಿ ಎತ್ತಿಟ್ಟ ಪ್ರತಿ ಮಾತ್ರ. ಚಿಕ್ಕಪ್ಪ ಪ್ರತಿ ಇಟ್ಟಿದ್ದ ಹಾರ್ಡ್‌ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು, ಅದೂ ಹೋಯಿತು.

ದುಡ್ಡು ಕಟ್ಟಲಿಲ್ಲ. ಅದಕ್ಕೂ ಮೂರು ವರ್ಷ ಮುಂಚೆ ಪುಟ ವಿನ್ಯಾಸಕ್ಕೆಂದು ಕೊಟ್ಟಿದ್ದ ಪೆನ್‌ಡ್ರೈವ್ ಡಿಟಿಪಿಯವರ ಮೇಜಿನ ಸೆಳೆಖಾನೆಯಲ್ಲಿ ಸಿಕ್ಕಿತು, ಅದರಲ್ಲಿ ಒಂಬತ್ತು ಅಧ್ಯಾಯಗಳಿದ್ದವು. ಇನ್ನು ಮೂರನ್ನು ಕೈಬರಹದ ಟಿಪ್ಪಣಿ ನೋಡಿ ಮತ್ತೆ ಬರೆದರು. ಉಳಿದ ಕೊನೆಯ ಅಧ್ಯಾಯ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿಗಳದು. ಒಬ್ಬ ಅಜ್ಜ ಹೇಳಿದ್ದನ್ನು ಚಿಕ್ಕಪ್ಪ ಎದುರು ಕೂತು ನೇರ ಟೈಪ್ ಮಾಡಿಕೊಂಡಿದ್ದರು. ಮತ್ತೆ ಕೇಳಿ ಬರೆಯೋಣವೆಂದರೆ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಪುಸ್ತಕ ಆ ಅಧ್ಯಾಯವಿಲ್ಲದೆಯೇ ಅಚ್ಚಾಯಿತು.