ಒಬ್ಬರೇ ಎತ್ತಬಲ್ಲ ದೋಣಿ

ಸಣ್ಣ ಕಟಮರಾನ್‌ಗಳನ್ನು ಹೊಗಳುವವರು ವೇಗದಿಂದಲೇ ಮಾತು ಶುರುಮಾಡುತ್ತಾರೆ. ಎರಡು ತೆಳು ಒಡಲು, ನಡುವೆ ಬಿಗಿದ ಟ್ರ್ಯಾಂಪೊಲಿನ್, ಮೇಲೆ ದೊಡ್ಡ ಹಾಯಿ. ಗಾಳಿ ಹಿಡಿಯಿತೆಂದರೆ ಒಂದು ಒಡಲು ನೀರು ಬಿಟ್ಟು ಮೇಲೇಳುತ್ತದೆ. ನೋಡಲು ಚೆಂದ, ಏರಿದವರಿಗೆ ಇನ್ನೂ ಚೆಂದ. ಆದರೆ ಒಬ್ಬರೇ ಹೊರಟು, ದಡದಿಂದ ದಡಕ್ಕೆ ಹಾಯುತ್ತ, ರಾತ್ರಿ ಮರಳ ಮೇಲೆ ಗುಡಾರ ಹಾಕಿ ನಾಲ್ಕು ದಿನ ಕಳೆದು ಬರುವವರಿಗೆ ವೇಗ ಕೊನೆಯ ಪ್ರಶ್ನೆ. ನಾಲ್ಕು ನಾಟ್ ವೇಗದಲ್ಲಿ ಐದು ಗಂಟೆ ಸಾಗಿದರೂ ದಿನಕ್ಕೆ 20 ನಾಟಿಕಲ್ ಮೈಲಿ, ಅಂದರೆ 37 ಕಿ.ಮೀ. ಆಯಿತು. ಹದವಾದ ಗಾಳಿಯಲ್ಲಿ ಯಾವ ಕಟಮರಾನ್ ಆದರೂ ಅಷ್ಟು ದೂರ ಒಯ್ಯುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ, ಮತ್ತು ಅವು ಎರಡೇ. ಮಗುಚಿದರೆ ಒಬ್ಬರೇ ಅದನ್ನು ಎತ್ತಿ ನಿಲ್ಲಿಸಬಹುದೇ? ಉಬ್ಬರದ ಗೆರೆಯಾಚೆಗೆ ಒಬ್ಬರೇ ಅದನ್ನು ಎಳೆದು ಹಾಕಬಹುದೇ? ಕಡಿಮೆ ಬೆಲೆಯ ದೋಣಿಗಳನ್ನು ಈ ಎರಡು ಪ್ರಶ್ನೆಗಳಿಂದ ಅಳೆದರೆ ಜನಪ್ರಿಯತೆಯ ಪಟ್ಟಿ ತಲೆಕೆಳಗಾಗುತ್ತದೆ.

ಅಳೆಯಲು ಅಮೆರಿಕದ ಫ್ಲಾರಿಡಾದ ನೈಋತ್ಯ ಕರಾವಳಿ ತಕ್ಕ ಜಾಗ. ಎವರ್‌ಗ್ಲೇಡ್ಸ್ ಸಿಟಿಯಿಂದ ದಕ್ಷಿಣಕ್ಕೆ ಟೆನ್ ಥೌಸಂಡ್ ಐಲೆಂಡ್ಸ್ ಎಂಬ ಕಾಂಡ್ಲಾ ದ್ವೀಪಗಳ ಗುಂಪಿದೆ. ಸಮುದ್ರದ ಕಡೆಯ ಅಂಚಿನಲ್ಲಿ ರ‍್ಯಾಬಿಟ್ ಕೀ, ಪೆವಿಲಿಯನ್ ಕೀ, ಹೈಲ್ಯಾಂಡ್ ಬೀಚ್, ಕೊನೆಗೆ ಕೇಪ್ ಸೇಬಲ್ ಸಿಗುತ್ತವೆ. ರಾಷ್ಟ್ರೀಯ ಉದ್ಯಾನದ ಪರವಾನಗಿ ಪಡೆದು ಈ ಮರಳದಂಡೆಗಳಲ್ಲಿ ತಂಗಬಹುದು. ಕುಡಿಯುವ ನೀರು ಮಾತ್ರ ಅಲ್ಲಿ ಸಿಗದು. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರ್, ಒಯ್ಯಬೇಕೆಂಬುದು ಉದ್ಯಾನದವರ ಸಲಹೆ. ನಾಲ್ಕು ದಿನಕ್ಕೆ ನೀರೇ 16 ಕಿಲೋ. ಅದೂ ಗಟ್ಟಿ ಡಬ್ಬಿಯಲ್ಲಿರಬೇಕು, ಇಲ್ಲವಾದರೆ ರಕೂನ್‌ಗಳು ಹರಿದು ಕುಡಿದುಬಿಡುತ್ತವೆ. ಗುಡಾರ, ಹಾಸಿಗೆ, ಒಲೆ, ಆಹಾರ, ಲಂಗರು, ಹಗ್ಗ ಸೇರಿದರೆ ಹೊರೆ 40 ಕಿಲೋ ಮುಟ್ಟುವುದು ಕಷ್ಟವೇನಲ್ಲ. ಸೊಳ್ಳೆ ಕಡಿಮೆಯಿರುವ ಚಳಿಗಾಲವೇ ಇಲ್ಲಿ ಒಳ್ಳೆಯ ಋತು. ಆದರೆ ಆಗಲೇ ಉತ್ತರದಿಂದ ಶೀತಮಾರುತ ಇಳಿದು ಬರುತ್ತದೆ, ಗಾಳಿ ದಿಕ್ಕು ಬದಲಿಸಿ ಒಮ್ಮೆಲೇ ಬಲಿಯುತ್ತದೆ. ಮಗುಚುವ ಪ್ರಶ್ನೆ ಹುಟ್ಟುವುದು ಇಲ್ಲಿ.

ಇದೇ ಕರಾವಳಿಯಲ್ಲಿ 2001ರಿಂದ ಎವರ್‌ಗ್ಲೇಡ್ಸ್ ಚಾಲೆಂಜ್ ಎಂಬ ಸಾಹಸಯಾನ ನಡೆಯುತ್ತ ಬಂದಿದೆ. ಟ್ಯಾಂಪಾ ಕೊಲ್ಲಿಯ ಬಾಯಿಂದ ಕೀ ಲಾರ್ಗೊವರೆಗೆ ಸುಮಾರು 300 ಮೈಲಿ, ಎಂಟು ದಿನದ ಗಡುವು. ಅದರ ಆರಂಭದ ನಿಯಮ ಒಂದು ದೊಡ್ಡ ವಿಮರ್ಶೆಗೆ ಸಮ: ದೋಣಿ ಉಬ್ಬರದ ಗೆರೆಯ ಮೇಲೆ ಮರಳಲ್ಲಿ ನಿಂತಿರಬೇಕು, ಅದರಲ್ಲಿ ಹೋಗುವವರೇ ಅದನ್ನು ನೀರಿಗೆ ಇಳಿಸಬೇಕು. ಇಳಿಸಲಾಗದವರು ಹೊರಡುವಂತಿಲ್ಲ. ದೋಣಿ ಕೊಳ್ಳುವವರು ಈ ಪರೀಕ್ಷೆಯನ್ನು ಮಾರುವವರ ಅಂಗಳದಲ್ಲೇ ಮಾಡಿಬಿಟ್ಟರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಅಗ್ಗದ ಕಟಮರಾನ್ ಎಂದೊಡನೆ ಬರುವ ಮೊದಲ ಹೆಸರು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್, ಸರ್ಫರ್ ಫಿಲ್ ಎಡ್ವರ್ಡ್ಸ್ ಜೊತೆ ಸೇರಿ ರೂಪಿಸಿದ ಈ ದೋಣಿ 1970ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಹಾಗಾಗಿ ಹಳೆಯದು ಹೊಸದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ, ಬಿಡಿಭಾಗಕ್ಕೆ ಎಂದೂ ಬರವಿಲ್ಲ. ವಿನ್ಯಾಸದಲ್ಲಿ ನಿಜವಾದ ಜಾಣ್ಮೆಯಿದೆ. ಒಡಲಿನ ಹೊರಮೈ ಚಪ್ಪಟೆ, ಒಳಮೈ ಉಬ್ಬು. ಗಾಳಿಗೆ ಪಕ್ಕಕ್ಕೆ ಜಾರದಂತೆ ಆ ಆಕಾರವೇ ತಡೆಯುವುದರಿಂದ ನೀರಿನೊಳಗೆ ಇಳಿಬಿಡುವ ಹಲಗೆ ಬೇಕಿಲ್ಲ. ತಗುಲಿದರೆ ಮೇಲೇಳುವ ಚುಕ್ಕಾಣಿ ಬೇರೆ ಇದೆ. ಅಲೆಯೊಡನೆ ನೇರ ದಡಕ್ಕೆ ನುಗ್ಗಿಸಬಹುದು. ದಡದಿಂದ ದಡಕ್ಕೆ ಹೋಗುವ ದೋಣಿಗೆ ಇದಕ್ಕಿಂತ ಬೇರೇನು ಬೇಕು ಎನಿಸುತ್ತದೆ.

ಆದರೆ ಇದು ಇಬ್ಬರ ದೋಣಿ. ಪೈಪೋಟಿಯ ನಿಯಮ ನೋಡಿ: ಹೋಬಿ 16ರ ಮೇಲೆ ಇರುವ ಇಬ್ಬರ ಒಟ್ಟು ತೂಕ ಕನಿಷ್ಠ 129 ಕಿಲೋ ಇರಬೇಕು. ಸುಮಾರು 20 ಚದರ ಮೀಟರ್ ಹಾಯಿಗೆ ಅಷ್ಟು ಮೈಭಾರ ಬೇಕು. ಮಗುಚಿದಾಗಲೂ ಅದೇ ಲೆಕ್ಕ. ಕೆಳಗಿನ ಒಡಲ ಮೇಲೆ ನಿಂತು, ಮೇಲಿನ ಒಡಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಹಿಂದಕ್ಕೆ ವಾಲಬೇಕು. 26 ಅಡಿಯ ಕಂಬವನ್ನೂ ನೀರು ಕುಡಿದ ಹಾಯಿಯನ್ನೂ ಆ ಭಾರವೇ ಎತ್ತಬೇಕು. 70 ಕಿಲೋದ ಒಬ್ಬರು ವಾಲಿದರೆ ದೋಣಿ ಮಿಸುಕುವುದಿಲ್ಲ. ಬಿಟ್ಟರೆ ಕಂಬ ಮುಳುಗಿ ದೋಣಿ ಪೂರಾ ಅಂಗಾತ ತಿರುಗುತ್ತದೆ. ಕಟಮರಾನ್ ನೆಟ್ಟಗಿರುವಾಗ ಎಷ್ಟು ಭದ್ರವೋ ಬುಡಮೇಲಾದಾಗಲೂ ಅಷ್ಟೇ ಭದ್ರ. ಜೊತೆಗೆ ಇದರ ಮೂತಿಗಳು ತೆಳುವು. ಹಿಂಗಾಳಿಯಲ್ಲಿ ಅಲೆಯೊಳಗೆ ಹೊಕ್ಕರೆ ದೋಣಿ ಮುಂದಕ್ಕೆ ಲಾಗ ಹಾಕುತ್ತದೆ. ಹೊರೆಯನ್ನು ಟ್ರ್ಯಾಂಪೊಲಿನ್ನಿನ ಮುಂಭಾಗದಲ್ಲಿ ಕಟ್ಟಿದರಂತೂ ಅದಕ್ಕೆ ನಾವೇ ಆಹ್ವಾನ ಕೊಟ್ಟಂತೆ.

ಪರಿಹಾರಗಳಿವೆ. ಕಂಬದ ತುದಿಗೆ ತೇಲುಬುರುಡೆ ಕಟ್ಟಿದರೆ ದೋಣಿ ಅಂಗಾತ ತಿರುಗುವುದಿಲ್ಲ. ಎತ್ತುವ ಹಗ್ಗಕ್ಕೆ ನೀರುಚೀಲ ಸಿಕ್ಕಿಸಿ 60 ಲೀಟರ್ ತುಂಬಿಕೊಂಡರೆ ಇನ್ನೊಬ್ಬರ ಭಾರ ಸಿಕ್ಕಂತಾಯಿತು. ಹಾಯಿಗೆ ರೀಫ್ ಹೊಲಿಸಿ ಕುಗ್ಗಿಸುವ ದಾರಿ ಮಾಡಿಕೊಳ್ಳಬಹುದು. ಮುಂದಿನ ಚಿಕ್ಕ ಹಾಯಿಯನ್ನು ಬಿಟ್ಟೇ ಹೋಗಬಹುದಲ್ಲ ಎನ್ನುವವರಿದ್ದಾರೆ. ಅದಿಲ್ಲದೆ ಹೋಬಿ 16 ಗಾಳಿಗೆದುರಾಗಿ ತಿರುಗಲು ಒಲ್ಲದು, ನಡುವೆಯೇ ನಿಂತು ಹಿಂದಕ್ಕೆ ಸರಿಯುತ್ತದೆ. ಇಷ್ಟೆಲ್ಲ ತೇಪೆ ಹಾಕಿ ಒಬ್ಬರ ದೋಣಿ ಮಾಡಿಕೊಂಡವರಿದ್ದಾರೆ, ಮಾಡಿಕೊಳ್ಳಲೂಬಹುದು. ಆದರೆ 145 ಕಿಲೋದ ಮೈತೂಕಕ್ಕೆ ಯಾವ ತೇಪೆಯೂ ಇಲ್ಲ.

ಹಳೆಯದನ್ನೇ ಕೊಳ್ಳುವವರು ಬಣ್ಣ ನೋಡಿ ಮರುಳಾಗಬಾರದು. ಒಡಲು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಇಟ್ಟು ಮಾಡಿದ್ದು. ವರ್ಷಗಳಾದಂತೆ ಪದರ ಫೋಮ್‌ನಿಂದ ಬಿಡುತ್ತದೆ. ಮುಂದಿನ ಅಡ್ಡತೊಲೆಯ ಗೂಟ ಒಡಲಿಗೆ ಇಳಿಯುವ ಜಾಗದ ಸುತ್ತ, ಅದರ ಮುಂದಿನ ಮೇಲ್ಮೈಯಲ್ಲಿ ಹೆಬ್ಬೆರಳಿಂದ ಒತ್ತಿ. ಮೆತ್ತಗೆ ತಗ್ಗಿದರೆ, ಚರಚರ ಸದ್ದಾದರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಒಡಲ ತಳವನ್ನು ಮರಳು ಎಷ್ಟು ತಿಂದಿದೆ ನೋಡಿ. ಕಂಬವನ್ನು ಹಿಡಿದಿಡುವ ತಂತಿಗಳಲ್ಲಿ ಒಂದೆಳೆ ಹರಿದಿದ್ದರೂ ಅಷ್ಟನ್ನೂ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿ. ತೀರ ಹಳೆಯ ದೋಣಿಗಳ ಕಂಬ ಪೂರ್ತಿ ಅಲ್ಯೂಮಿನಿಯಂ. ದಡದ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಮೇಲೆ ಕಂಬದ ಮೇಲ್ತುದಿಯನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡತೊಡಗಿದರು.

ಹಾಗಾದರೆ ಹೋಬಿ 16ರ ತಮ್ಮನಂಥ ಹೋಬಿ 14? ವಯಸ್ಸಿನಲ್ಲಿ ಅದೇ ಹಿರಿಯದು, 1960ರ ದಶಕದ ಕೊನೆಯದು. ಒಬ್ಬರಿಗೆಂದೇ ಮಾಡಿದ್ದು, ಹಗುರ, ಇನ್ನೂ ಅಗ್ಗ. ಆದರೆ ಒಡಲುಗಳಲ್ಲಿ ತೇಲುವ ಬಲ ಕಡಿಮೆ. ಒಬ್ಬರ ಜೊತೆ 40 ಕಿಲೋ ಹೊರೆ ಏರಿದರೆ ಮೂತಿ ನೀರು ಹುಡುಕುತ್ತದೆ. ಮಧ್ಯಾಹ್ನದ ಆಟಕ್ಕೆ ಸರಿ, ಸಂಸಾರ ಹೊರಲು ಅಲ್ಲ.

ಹೋಬಿ ಗೆಟ್‌ಅವೇ ಇದಕ್ಕೆ ತದ್ವಿರುದ್ಧ. ಅಚ್ಚಿನಲ್ಲಿ ಸುತ್ತಿಸಿ ಎರಕಹೊಯ್ದ ಪಾಲಿಎಥಿಲೀನ್ ಒಡಲು, ಕಂಬದ ಮುಂದೆಯೂ ಒಂದು ಟ್ರ್ಯಾಂಪೊಲಿನ್, ಹೇರಳ ಜಾಗ. ಜಾಹೀರಾತಿನಂತೆ ಕುಟುಂಬದ ದೋಣಿ, ಆ ಮಾತು ಸುಳ್ಳಲ್ಲ. ತೂಕ 177 ಕಿಲೋ. ಸಂಜೆ ಉಬ್ಬರದಲ್ಲಿ ದಡ ಮುಟ್ಟಿ ಮಲಗಿ, ಬೆಳಿಗ್ಗೆ ಎದ್ದಾಗ ನೀರು ಇಳಿದು ದೂರ ಸರಿದಿದ್ದರೆ, ಅದು ವಾಪಸು ಬರುವವರೆಗೆ ಕಾಯುವುದೇ ಗತಿ. ನಾಲ್ವರಿರುವ ಮನೆಗೆ ಇದನ್ನು ನಿಸ್ಸಂಕೋಚವಾಗಿ ಹೇಳಬಹುದು. ಒಬ್ಬರಿಗೆ ಬೇಡ.

ಉಳಿದದ್ದು ಹೋಬಿ ವೇವ್. ಮೊರೆಲ್ಲಿ ಮತ್ತು ಮೆಲ್ವಿನ್ ಜೋಡಿಯ ವಿನ್ಯಾಸ, 1994ರದು. 13 ಅಡಿ ಉದ್ದ, 7 ಅಡಿ ಅಗಲ, 111 ಕಿಲೋ. ಹಾಯಿ ಒಂದೇ, ಒಂಬತ್ತು ಚದರ ಮೀಟರಿಗೂ ಕಡಿಮೆ. ಹೋಬಿ 16ರ ಅರ್ಧವೂ ಇಲ್ಲ. ರೆಸಾರ್ಟ್‌ಗಳಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ದೋಣಿ ಎಂದು ಪಳಗಿದವರು ಮೂಗು ಮುರಿಯುತ್ತಾರೆ. ಆ ಮೂದಲಿಕೆಯಲ್ಲೇ ಅದರ ಗುಣ ಅಡಗಿದೆ. ಏನೂ ಗೊತ್ತಿಲ್ಲದವರ ಕೈಗೆ ದಿನವೂ ಕೊಡಬಹುದಾದ ದೋಣಿ, ದಣಿದು ನಡುಗುತ್ತಿರುವ ಒಬ್ಬರ ಕೈಯಲ್ಲೂ ಮಾತು ಕೇಳುತ್ತದೆ. ಮೂತಿ ದಪ್ಪ, ಆದ್ದರಿಂದ ಹೊರೆ ಹೊತ್ತರೂ ಮುಳುಗಲು ಹಿಂಜರಿಯುತ್ತದೆ. 20 ಅಡಿಯ ಕಂಬವನ್ನು ಒಬ್ಬರೇ ನಿಲ್ಲಿಸಬಹುದು. ಮಗುಚಿದರೆ ಸಾಧಾರಣ ಮೈಕಟ್ಟಿನವರು ಒಬ್ಬರೇ ಎತ್ತಬಹುದು. ಸಿಂಪಿ ಚಿಪ್ಪಿನ ದಿಬ್ಬಕ್ಕೆ ತಳ ಉಜ್ಜಿದರೆ ಫೈಬರ್‌ಗ್ಲಾಸ್ ಸೀಳುವಲ್ಲಿ ಇದಕ್ಕೆ ಗೀರು ಬೀಳುತ್ತದೆ, ಅಷ್ಟೆ.

ದೋಷಗಳೂ ಕಡಿಮೆಯಿಲ್ಲ. ಈ ಪ್ಲಾಸ್ಟಿಕ್ ನಿಜಕ್ಕೂ ಸೀಳಿದರೆ ಅಂಟು, ಎಪಾಕ್ಸಿ ಯಾವುದೂ ಹಿಡಿಯದು, ಕಾಯಿಸಿ ಬೆಸೆಯಬೇಕು. ಸಣ್ಣ ಗಾಳಿಯಲ್ಲಿ ಸೋಮಾರಿ. ಎದುರುಗಾಳಿಗೆ ಏರುವುದರಲ್ಲಿ ಹೋಬಿ 16ಕ್ಕೆ ಸಾಟಿಯಲ್ಲ. ಸಾಮಾನೆಲ್ಲ ಟ್ರ್ಯಾಂಪೊಲಿನ್ ಮೇಲೆ, ನೀರು ನುಗ್ಗದ ಚೀಲಗಳಲ್ಲಿ ಬಿಗಿದು ಕಟ್ಟಿರಬೇಕು. ಕೂರುವ ಜಾಗ ಆಗಲೇ ಕಿರಿದು. ಹಾಗಾಗಿ ನಾಲ್ಕು ದಿನಕ್ಕಿಂತ ಹೆಚ್ಚಿನ ಯಾನಕ್ಕೆ ಇದು ಒದಗದು. ಈ ಕೊರತೆಗಳೆಲ್ಲ ಅನುಕೂಲಕ್ಕೆ ಸಂಬಂಧಿಸಿದವು. ಹೋಬಿ 16ರ ಕೊರತೆ ಜೀವಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ.

ಕಾರ್ಖಾನೆಯ ದೋಣಿ ಬೇಡವೆನ್ನುವವರಿಗೆ ಜೇಮ್ಸ್ ವಾರಮ್ ಅವರ ವಿನ್ಯಾಸಗಳಿವೆ. 2021ರಲ್ಲಿ ತೀರಿಕೊಂಡ ಈ ಬ್ರಿಟಿಷ್ ವಿನ್ಯಾಸಕ 1950ರ ದಶಕದಲ್ಲಿ 24 ಅಡಿಯೂ ಇಲ್ಲದ, ಕೈಯಾರೆ ಕಟ್ಟಿದ ಕಟಮರಾನ್‌ನಲ್ಲಿ ಇಬ್ಬರು ಹೆಂಗಸರ ಜೊತೆ ಅಟ್ಲಾಂಟಿಕ್ ದಾಟಿದವರು. ಅವರ ಹಿಟಿಯಾ 17 ಪ್ಲೈವುಡ್‌ನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳುವ ದೋಣಿ. ಸಾಮಾನು ಹೇರಿಕೊಂಡು ಕರಾವಳಿ ಅಲೆದು ದೋಣಿಯ ಮೇಲೆಯೇ ಗುಡಾರ ಹೂಡುವ ಉದ್ದೇಶ ಅದರ ಹುಟ್ಟಿನಲ್ಲೇ ಇದೆ. ಒಡಲನ್ನೂ ಅಡ್ಡತೊಲೆಯನ್ನೂ ಬೋಲ್ಟ್ ಹಾಕದೆ ಹಗ್ಗದಲ್ಲಿ ಬಿಗಿಯುತ್ತಾರೆ. ಅಲೆಗೆ ಕೊಂಚ ಬಾಗುತ್ತದೆ, ಮುರಿಯುವುದಿಲ್ಲ. ಕಾರವಾರ, ಗೋವಾ ಕಡೆ ಪಕ್ಕಕ್ಕೆ ತೇಲುಮರ ಕಟ್ಟಿದ ಮೀನುಗಾರರ ದೋಣಿ ನೋಡಿದವರಿಗೆ ಈ ಕಟ್ಟು ಬೆರಗೆನಿಸದು. ವಾರಮ್ ಅವರದೇ ಟಿಕಿ 21 ಇಂಥ ಕಟ್ಟಿನಿಂದಲೇ 1990ರ ದಶಕದಲ್ಲಿ ಭೂಮಿ ಸುತ್ತಿ ಬಂದಿದೆ. ಆಲೋಚನೆಯ ಮಟ್ಟದಲ್ಲಿ ಇಲ್ಲಿನ ದೋಣಿಗಳಲ್ಲೆಲ್ಲ ಹಿಟಿಯಾ ಮೇಲು. ಆದರೆ ಅಗ್ಗ ಎಂಬ ಮಾತು ಹಣಕ್ಕೆ ಮಾತ್ರ ಅನ್ವಯಿಸುವುದಿಲ್ಲ. ತಿಂಗಳುಗಟ್ಟಲೆ ರಜೆದಿನಗಳನ್ನು ಮರ, ಎಪಾಕ್ಸಿಗೆ ಕೊಡಬೇಕು. ಕಟ್ಟುವುದರಲ್ಲೇ ಖುಷಿ ಕಾಣುವವರಿಗೆ ಅದು ಲಾಭ, ಬರುವ ಚಳಿಗಾಲಕ್ಕೆ ಹೊರಡಬೇಕೆಂದವರಿಗೆ ನಷ್ಟ.

ಇನ್ನೊಂದು ಮಾತನ್ನು ಮುಚ್ಚಿಡುವುದು ಪ್ರಾಮಾಣಿಕವಾಗದು. ಈ ಕೆಲಸಕ್ಕೆ ಕಟಮರಾನ್ ಒಂದೇ ಉತ್ತರವಲ್ಲ. ಹೋಬಿಯವರದೇ ಅಡ್ವೆಂಚರ್ ಐಲೆಂಡ್, ಕಯಾಕಿನ ಎರಡೂ ಪಕ್ಕ ತೇಲುಮರ ಹೊಂದಿಸಿದ ದೋಣಿ. ಗಾಳಿ ನಿಂತರೆ ಪೆಡಲ್ ತುಳಿಯಬಹುದು, ಬಲಿತರೆ ಹಾಯಿಯನ್ನು ಕಂಬಕ್ಕೆ ಸುತ್ತಿ ಬೇಕಾದಷ್ಟೇ ಬಿಡಬಹುದು, ಸಾಮಾನು ಒಡಲೊಳಗೆ ಹೋಗುತ್ತದೆ. ಗಾಳಿಯಿಲ್ಲದ ಕಟಮರಾನ್‌ನಲ್ಲಿ ಅಗಲ ಟ್ರ್ಯಾಂಪೊಲಿನ್ ಮೇಲೆ ಮಂಡಿಯೂರಿ ಹುಟ್ಟು ಹಾಕುವ ಕಷ್ಟ ಇದರಲ್ಲಿಲ್ಲ. ಹಳೆಯದಕ್ಕೂ ಬೆಲೆ ಹೆಚ್ಚು, ಮಲಗಲು ಜಾಗವಿಲ್ಲ ಎಂಬೆರಡೇ ಅಡ್ಡಿ.

ಆ ಎರಡನೆಯ ಅಡ್ಡಿ ಚಿಕ್ಕದಲ್ಲ. ಕಟಮರಾನ್‌ನ ಪರವಾಗಿ ನಿಲ್ಲುವ ಗಟ್ಟಿ ಕಾರಣವೂ ಅದೇ. ದಡದಿಂದ ತುಸು ದೂರ, ಮೊಣಕಾಲುದ್ದ ನೀರಿನಲ್ಲಿ, ಒಂದು ಲಂಗರು ಕಡಲ ಕಡೆ, ಇನ್ನೊಂದು ದಡದ ಕಡೆ ಹಾಕಿ, ಕಂಬದಿಂದ ಹಿಂದಿನ ತೊಲೆಗೆ ಹಗ್ಗ ಬಿಗಿದು ಮೇಲೆ ಟಾರ್ಪಾಲು ಎಳೆದರೆ ವೇವ್‌ನ ಟ್ರ್ಯಾಂಪೊಲಿನ್ನೇ ಒಬ್ಬರ ಮಂಚ. ಕೆಳಗಿನಿಂದ ಬರುವ ಥಂಡಿಗೆ ದಪ್ಪ ಹಾಸು ಬೇಕು. ಸೊಳ್ಳೆ ಕಡಿಮೆ, ರಕೂನ್ ಇಲ್ಲ, ನೀರು ಇಳಿದರೂ ದೋಣಿ ಕೂರುವುದು ಮೆತ್ತನೆ ಮರಳಿನ ಮೇಲೆ. ಅಲೆಯೇಳುವ ರಾತ್ರಿ ಮಾತ್ರ ದಡಕ್ಕೆ ಎಳೆಯಲೇಬೇಕು. ಅದಕ್ಕೆ ಗಾಳಿ ಬಿಟ್ಟು ಮಡಚಿಡುವ ಎರಡು ರೋಲರ್ ಸಾಕು. ದೊಡ್ಡ ಬಲೂನು ಚಕ್ರಗಳು ದಡದಲ್ಲಿ ಸುಖ, ದೋಣಿಯ ಮೇಲೆ ಹೊರೆ.

ಹೀಗಾಗಿ ನನ್ನ ತೀರ್ಮಾನ: ಕೈಯಲ್ಲಿರುವ ಹಣಕ್ಕೆ ಹಳೆಯ ಹೋಬಿ ವೇವ್ ಸಿಗುವುದಾದರೆ ಅದನ್ನೇ ಕೊಳ್ಳಿ. ಹೋಬಿ 16 ಮಾತ್ರ ಎಟುಕುವುದಾದರೆ ತೇಲುಬುರುಡೆ, ನೀರುಚೀಲ, ರೀಫ್ ಮೂರರ ಖರ್ಚನ್ನೂ ಬೆಲೆಯೊಳಗೇ ಲೆಕ್ಕ ಹಾಕಿ. ಆಗ ಅಗ್ಗದ ಅಂತರ ಬಹುಪಾಲು ಕರಗುವುದನ್ನು ಕಾಣುತ್ತೀರಿ. ಯಾವುದನ್ನೇ ತಂದರೂ ಮೊದಲ ಯಾನಕ್ಕೆ ಮುನ್ನ, ಸ್ನೇಹಿತರೊಬ್ಬರನ್ನು ಇನ್ನೊಂದು ದೋಣಿಯಲ್ಲಿ ಹತ್ತಿರ ನಿಲ್ಲಿಸಿಕೊಂಡು, ಕಂಬ ತಳಕ್ಕೆ ತಾಗದಷ್ಟು ಆಳದಲ್ಲಿ, ಪೂರ್ತಿ ಹೊರೆ ಕಟ್ಟಿ ಬೇಕೆಂದೇ ಮಗುಚಿ ನೋಡಿ. ಎತ್ತಿದರೆ ಹೊರಡಿ. ಎತ್ತಲಾಗದಿದ್ದರೆ ಚಿಕ್ಕ ಹಾಯಿ ಹೊಲಿಸಿ, ಇಲ್ಲವೇ ಜೊತೆಗೊಬ್ಬರನ್ನು ಕರೆದುಕೊಳ್ಳಿ.